ತೂಬಿನಲ್ಲಿ ನೀರುಂಟು, ತೋಟಕ್ಕೇಕೆ ಬಾರದು?

ಹೊಸ ರೂಟರ್ ತಂದ ಮೇಲೆ ಅಂತರಜಾಲ ನಿಧಾನವಾದ ಮನೆಗಳ ವಿಚಾರ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆಯನ್ನು ಕಂಡವರಿಗೆ ಆ ಹೆಸರಿನ ಉತ್ತರಾರ್ಧ ಎಲ್ಲಿಂದ ಬಂತೆಂದು ಯಾರೂ ಹೇಳಬೇಕಾದುದಿಲ್ಲ. ಗುಡ್ಡಗಳು ಎದುರುಬದುರಾಗಿ ನಿಂತಿವೆ. ನಡುವಿನ ಕಂಡಿಯಲ್ಲಿ ಸುವರ್ಣಮುಖಿ ತನ್ನ ಪಾಡಿಗೆ ತಾನು ಹರಿದು ಹೋಗುತ್ತಿದ್ದಳು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಆ ಕಂಡಿಗೆ ಒಡ್ಡು ಹಾಕಿತು. ಮಳೆ ಕೈಹಿಡಿದ ವರ್ಷ ಜಲಾಶಯ ತುಂಬುತ್ತದೆ, ಕೈಬಿಟ್ಟ ವರ್ಷ ತಳ ಕಾಣುತ್ತದೆ. ಆದರೆ ತುಂಬಿದ ವರ್ಷವೂ ಕಾಲುವೆಯ ಕಟ್ಟಕಡೆಯ ರೈತನ ಹೊಲಕ್ಕೆ ನೀರು ತಲುಪಿಯೇ ತೀರುತ್ತದೆಂಬ ಭರವಸೆಯಿಲ್ಲ. ಇದು ಬೋರನಕಣಿವೆಗೆ ಮಾತ್ರ ಸಲ್ಲುವ ಮಾತಲ್ಲ, ಕನ್ನಡನಾಡಿನ ಯಾವ ಕೆರೆಯ ಅಚ್ಚುಕಟ್ಟಿನವರಿಗೂ ಗೊತ್ತಿರುವ ಮಾತು.

ಹಿಂದೆ ಕೆರೆಗಳ ಕೆಳಗೆ ನೀರುಗಂಟಿಯೆಂಬುವನೊಬ್ಬನಿರುತ್ತಿದ್ದ. ಕೊನೆಯ ಗದ್ದೆಯವನು ಬಂದು, ನೀರು ಬರಲಿಲ್ಲವೆಂದು ಕೂಗಾಡಿದರೆ, ನೀರುಗಂಟಿ ಆ ಗದ್ದೆಗೆ ಹೋಗಿ ಬದುವಿನ ಮೇಲೆ ಕುಳಿತು ಚಿಂತಿಸುತ್ತಿರಲಿಲ್ಲ. ಗುದ್ದಲಿಯನ್ನು ಹೆಗಲಿಗೇರಿಸಿ ನೇರವಾಗಿ ತೂಬಿನ ಬಳಿಗೆ ಹೋಗುತ್ತಿದ್ದ. ತೂಬಿನಿಂದ ಎಷ್ಟು ನೀರು ಹೊರಬೀಳುತ್ತಿದೆಯೆಂದು ನೋಡಿಕೊಂಡು, ಅಲ್ಲಿಂದ ಕಾಲುವೆಯ ಗುಂಟ ಕೆಳಕ್ಕೆ ನಡೆಯುತ್ತಿದ್ದ. ಇಲ್ಲಿ ಹೂಳು, ಅಲ್ಲಿ ಬಿಲ, ಮತ್ತೊಂದೆಡೆ ಯಾರೋ ರಾತ್ರಿ ತೆಗೆದುಕೊಂಡ ಕಳ್ಳಮಡೆ. ನೀರು ಎಲ್ಲಿಯವರೆಗೆ ತುಂಬಿ ಬಂದಿದೆ, ಎಲ್ಲಿಂದ ಸೊರಗಿದೆ ಎಂಬುದು ನಡೆಯುತ್ತ ನಡೆಯುತ್ತ ತಾನಾಗಿಯೇ ತಿಳಿದುಹೋಗುತ್ತಿತ್ತು.

ಈ ಹಳೆಯ ಜಾಣ್ಮೆ ಈಗ ಮತ್ತೊಂದು ಹರಿವಿಗೆ ಬೇಕಾಗಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟಗಳ ನಡುವಿನ ಮನೆಗಳಿಗೂ ಗಾಜಿನ ಎಳೆಯ ಮೂಲಕ ಅಂತರಜಾಲ ಬರತೊಡಗಿದೆ. ಗಾಜಿನ ಎಳೆಯೊಳಗೆ ಬೆಳಕನ್ನು ಕಳಿಸಿ ದೂರದೂರಕ್ಕೆ ಸುದ್ದಿ ಮುಟ್ಟಿಸಬಹುದೆಂದು ಚಾರ್ಲ್ಸ್ ಕಾವ್ ಎಂಬ ವಿಜ್ಞಾನಿ 1966ರಲ್ಲಿ ತೋರಿಸಿಕೊಟ್ಟರು. ಆ ಕೆಲಸಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಗ್ರಾಮ ಪಂಚಾಯಿತಿಗಳವರೆಗೆ ಈ ಎಳೆಯನ್ನು ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರಾಯಿತು. ಪಂಚಾಯಿತಿಯಿಂದಾಚೆ ಮನೆಮನೆಗೆ ಒಯ್ಯುವವರು ಸರ್ಕಾರಿ ಸಂಸ್ಥೆಯವರೂ ಉಂಟು, ಖಾಸಗಿಯವರೂ ಉಂಟು, ಊರಿನ ಕೇಬಲ್ಲಿನವರೂ ಉಂಟು.

2020ರ ಮಾರ್ಚಿಯಲ್ಲಿ ಮಹಾಮಾರಿಯ ಕಾರಣ ಶಾಲೆ ಕಚೇರಿಗಳು ಬಾಗಿಲು ಹಾಕಿದಾಗ ಬೆಂಗಳೂರಿನಿಂದ ಊರಿಗೆ ಮರಳಿದವರು ಎಷ್ಟೋ ಮಂದಿ. ಅವರಲ್ಲಿ ಕೆಲವರು ಹಿಂದಿರುಗಲೇ ಇಲ್ಲ. ಇನ್ನು ಕೆಲವರು ತಿಂಗಳಲ್ಲಿ ಹತ್ತು ದಿನ ಅಲ್ಲಿ, ಇಪ್ಪತ್ತು ದಿನ ಇಲ್ಲಿ ಎಂಬಂತೆ ಬಾಳನ್ನು ಹೊಂದಿಸಿಕೊಂಡರು. ತೋಟವನ್ನೂ ವೃದ್ಧ ತಂದೆತಾಯಿಯನ್ನೂ ಬಿಡಲಾರದ ಸಂಸಾರಕ್ಕೆ ಗೋಡೆಯ ಮೇಲಿನ ಆ ಪುಟ್ಟ ಪೆಟ್ಟಿಗೆಯ ಹಸಿರು ದೀಪವೇ ಆಧಾರ. ಅದು ಸರಿಯಾಗಿದ್ದರೆ ಸೊಸೆ ಊರಿನಲ್ಲಿದ್ದೇ ಕಚೇರಿಯ ಕೆಲಸ ಮಾಡಬಹುದು. ಅದು ಕೈಕೊಟ್ಟರೆ ಸೋಮವಾರ ಬೆಳಗಿನ ಬಸ್ಸು ಹತ್ತಬೇಕು. ಮಾವನವರು ತೋಟದ ಮನೆಯಲ್ಲಿ ಒಬ್ಬರೇ ಉಳಿಯಬೇಕು.

ಇಂಥದೊಂದು ಮನೆಯನ್ನು ಓದುಗರು ಊಹಿಸಿಕೊಳ್ಳಬಹುದು. ಹಳೆಯ ಕಾಲದ ಮಣ್ಣಿನ ಗೋಡೆ, ಒಂದೊಂದೂ ಒಂದೂವರೆ ಎರಡು ಅಡಿ ದಪ್ಪ. ನಡುಮನೆಯ ಮೇಲೆ ಅಟ್ಟ. ಅಟ್ಟದ ತುಂಬ ಕೊಬ್ಬರಿಗೆಂದು ಹಾಕಿದ ತೆಂಗಿನಕಾಯಿ. ಹಿಂದುಗಡೆ ಮಗ ಹೊಸದಾಗಿ ಕಟ್ಟಿಸಿದ ತಾರಸಿಯ ಕೋಣೆ, ಅದೇ ಸೊಸೆಯ ಕಚೇರಿ. ಕಂಪನಿಯವರು ಬೀದಿಯ ಬಾಗಿಲ ಪಕ್ಕದ ಗೋಡೆಗೆ ಬಿಳಿಯ ಪೆಟ್ಟಿಗೆಯನ್ನು ಬಡಿದು ಹೋಗಿದ್ದಾರೆ. ಜನ ಅದನ್ನು ಮೋಡೆಮ್ ಎನ್ನುತ್ತಾರೆ, ಕಂಪನಿಯ ಕಾಗದಪತ್ರಗಳಲ್ಲಿ ಓ.ಎನ್.ಟಿ. ಎಂದಿರುತ್ತದೆ. ಹಿಂದಿನ ಕೋಣೆಗೆ ಅದರ ಗಾಳಿ ಸಾಲದೆಂದು ಮಗ ಬೆಂಗಳೂರಿನ ಫ್ಲಾಟಿನಲ್ಲಿ ಚೆನ್ನಾಗಿ ಓಡುತ್ತಿದ್ದ ರೂಟರನ್ನು ತಂದು, ಮೋಡೆಮಿನ ಪಕ್ಕದಲ್ಲೇ ಇಟ್ಟು, ತಂತಿ ಸಿಕ್ಕಿಸಿದ್ದಾನೆ. ನಾಲ್ಕು ಕೊಂಬಿನ ಭರ್ಜರಿ ಯಂತ್ರ. ಆದರೂ ಹಿಂದಿನ ಕೋಣೆಯಲ್ಲಿ ಮುಖಗಳು ನಿಂತಲ್ಲೇ ನಿಲ್ಲುತ್ತವೆ, ಮಾತು ತುಂಡು ತುಂಡಾಗುತ್ತದೆ.

“ಏನಪ್ಪಾ, ಹೊಸದು ತಂದ ಮೇಲೆ ಹಳೆಯದೇ ವಾಸಿ ಅನ್ನೋ ಹಾಗಾಯ್ತಲ್ಲ!” ಎಂದು ತಂದೆ ಅನ್ನದಿರುತ್ತಾರೆಯೆ?

“ಕಂಪನಿಯವರೇ ಸ್ಪೀಡ್ ಕಡಿಮೆ ಮಾಡಿದಾರೆ ಬಿಡಣ್ಣ” ಎಂದು ಮಗ ಹೇಳಿ ಕೈತೊಳೆದುಕೊಳ್ಳಬಹುದು. ಈ ಸೀಮೆಯ ಎಷ್ಟೋ ಮನೆಗಳಲ್ಲಿ ತಂದೆಯನ್ನು ಅಣ್ಣನೆಂದೇ ಕರೆಯುವ ರೂಢಿಯುಂಟು. ರೂಢಿ ಹಾಗಿರಲಿ, ಮಗನ ಮಾತು ಮಾತ್ರ ಕೊನೆಯ ಗದ್ದೆಯ ಬದುವಿನ ಮೇಲೆ ಕುಳಿತು ಆಡಿದ ಮಾತು. ತೂಬಿಗೆ ಯಾರೂ ಹೋಗಿ ನೋಡಲಿಲ್ಲ.

ಲೆಕ್ಕದ ಒಂದು ಗೊಂದಲ

ತೂಬಿಗೆ ಹೋಗುವ ಮುನ್ನ ಅಳತೆಯ ಪಾವು ಯಾವುದು, ಸೇರು ಯಾವುದು ಎಂದು ಗೊತ್ತಿರಬೇಕು. ಕಂಪನಿಯವರು 100 ಎಂದು ಹೇಳುವುದು ಸೆಕೆಂಡಿಗೆ 100 ಮೆಗಾಬಿಟ್. ಕಂಪ್ಯೂಟರಿಗೆ ಒಂದು ಚಲನಚಿತ್ರವನ್ನು ಇಳಿಸಿಕೊಳ್ಳುವಾಗ ಪರದೆಯ ಮೇಲೆ ಕಾಣುವುದು ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 100ರ ಸಂಪರ್ಕದಲ್ಲಿ ಪರದೆ 12 ಎಂದು ತೋರಿಸಿದರೆ ಮೋಸವೇನೂ ಆಗಿಲ್ಲ, ಬಂದದ್ದು ಪೂರ್ತಿಯೇ. ಈ ಎಂಟರ ಭಾಗಾಕಾರ ತಿಳಿಯದೆ ಕಂಪನಿಯವರೊಡನೆ ಜಗಳ ತೆಗೆದವರ ಸಂಖ್ಯೆ ಕಡಿಮೆಯಿರಲಾರದು.

ಇನ್ನೊಂದು ಸಂಗತಿ. ಭಾರತ ಸರ್ಕಾರದ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಇರಬೇಕಾದ ಕನಿಷ್ಠ ವೇಗ 2023ರವರೆಗೆ ಸೆಕೆಂಡಿಗೆ 512 ಕಿಲೋಬಿಟ್ ಇತ್ತು. ಆ ವರ್ಷ ಅದನ್ನು 2 ಮೆಗಾಬಿಟ್‌ಗೆ ಏರಿಸಲಾಯಿತು. ಕಚೇರಿಯ ವಿಡಿಯೋ ಸಭೆಗೆ ಮೂರು ನಾಲ್ಕು ಮೆಗಾಬಿಟ್ ಸಾಕು. ಹಾಗಿದ್ದರೆ 100ರ ಸಂಪರ್ಕವಿರುವ ಮನೆಯಲ್ಲಿ ಸಭೆ ತುಂಡಾಗುವುದೇಕೆ? ನೂರರಲ್ಲಿ ನಾಲ್ಕೂ ಸೊಸೆಯ ಮೇಜಿಗೆ ತಲುಪುತ್ತಿಲ್ಲವೆಂದೇ ಅರ್ಥ. ಹೆಚ್ಚಿನ ಹಣ ತೆತ್ತು 300ರ ಯೋಜನೆಗೆ ಏರಿದರೂ ಆ ನಾಲ್ಕು ನಾಲ್ಕಾಗಿಯೇ ಉಳಿಯುವ ಸಂಭವವೇ ಹೆಚ್ಚು. ಕಾಲುವೆ ಮುಚ್ಚಿಹೋಗಿರುವಾಗ ಕೆರೆಯ ಕೋಡಿಯನ್ನು ಎತ್ತರಿಸಿ ಫಲವೇನು?

ತೂಬಿನಿಂದ ಕೆಳಕ್ಕೆ

ಮೊದಲು ಹೊಸ ರೂಟರಿನ ತಂತಿಯನ್ನು ಕಿತ್ತು, ಲ್ಯಾಪ್‌ಟಾಪನ್ನು ತಂತಿಯ ಮೂಲಕ ನೇರವಾಗಿ ಕಂಪನಿಯ ಪೆಟ್ಟಿಗೆಗೇ ಸಿಕ್ಕಿಸಿ, ವೇಗ ಅಳೆಯುವ ಯಾವುದಾದರೂ ಒಂದು ತಾಣದಲ್ಲಿ ನೋಡಬೇಕು. ಮನೆಯ ಉಳಿದ ಫೋನುಗಳ ವೈಫೈ ಆಗ ಆರಿಸಿರಬೇಕು. ಒಂದು ಸಲದ ಅಂಕಿಯನ್ನು ನಂಬಬಾರದು. ಮೂರು ಸಲ ನೋಡಿ, ಬೆಳಿಗ್ಗೆ ಒಮ್ಮೆ, ರಾತ್ರಿ ಎಂಟು ಒಂಬತ್ತರ ಹೊತ್ತಿಗೆ ಒಮ್ಮೆ ಬರೆದಿಟ್ಟುಕೊಳ್ಳಬೇಕು. ಗಾಜಿನ ಎಳೆಯ ಸಾಮಾನ್ಯ ವ್ಯವಸ್ಥೆಯಲ್ಲಿ ಕಂಪನಿಯ ಕಡೆಯಿಂದ ಬರುವ ಸುಮಾರು 2,500 ಮೆಗಾಬಿಟ್ಟಿನ ಒಂದು ಹರಿವನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಎಲ್ಲರೂ ಊಟ ಮುಗಿಸಿ ಒಟ್ಟಿಗೆ ಪರದೆಯ ಮುಂದೆ ಕುಳಿತರೆ, ಅಥವಾ ಕಂಪನಿಯವರು ಮುಂದಿನ ಕಾಲುವೆಯನ್ನು ಸಾಕಷ್ಟು ಅಗಲ ಮಾಡಿರದಿದ್ದರೆ, ರಾತ್ರಿಯ ಅಂಕಿ ಬೀಳುತ್ತದೆ. ತೂಬಿನಲ್ಲೇ, ತಂತಿಯಲ್ಲೇ, ರಾತ್ರಿ ಮಾತ್ರ ಕಡಿಮೆಯಾದರೆ ದೋಷ ಮನೆಯದಲ್ಲ. ಆಗ ಹೊಸ ರೂಟರನ್ನು ಬೈದು ಪ್ರಯೋಜನವಿಲ್ಲ.

ಊಹೆಯ ಮನೆಯಲ್ಲಿ ತೂಬಿನ ಅಂಕಿ 94 ಬಂತೆನ್ನಬಹುದು. ನೂರರ ಸಂಪರ್ಕಕ್ಕೆ ಅದು ತೃಪ್ತಿಕರವೇ. ಮಿಕ್ಕದ್ದು ಸಾಗಾಣಿಕೆಯ ಖರ್ಚು. ಈಗ ಹೊಸ ರೂಟರನ್ನು ಮತ್ತೆ ಸೇರಿಸಿ, ಲ್ಯಾಪ್‌ಟಾಪನ್ನು ತಂತಿಯಿಂದಲೇ ರೂಟರಿಗೆ ಸಿಕ್ಕಿಸಬೇಕು. ಇಲ್ಲಿ ಅಂಕಿ ಕುಸಿದರೆ ಎರಡು ಪೆಟ್ಟಿಗೆಗಳ ನಡುವಿನ ತಂತಿಯನ್ನೋ ರೂಟರನ್ನೋ ಶಂಕಿಸಬೇಕು.

ತಂತಿ ಅಂಗೈಯುದ್ದದ್ದಾಗಿದ್ದರೂ ಕೇಡು ಮಾಡಬಲ್ಲದು. ಅದರೊಳಗೆ ಎಂಟು ಸಣ್ಣ ತಂತಿಗಳು ನಾಲ್ಕು ಜೋಡಿಯಾಗಿ ಹೆಣೆದುಕೊಂಡಿರುತ್ತವೆ. ಸಾವಿರ ಮೆಗಾಬಿಟ್ಟಿನ ವೇಗಕ್ಕೆ ಎಂಟೂ ಬೇಕು. ನೂರಕ್ಕೆ ನಾಲ್ಕು ಸಾಕು. ಇಲಿ ಕಡಿದೋ, ಬಾಗಿಲಿನ ಸಂದಿಗೆ ಸಿಕ್ಕಿಯೋ ಒಂದು ಎಳೆ ತುಂಡಾದರೂ ಎಷ್ಟೋ ವೇಳೆ ಸಂಪರ್ಕ ಸಾಯುವುದಿಲ್ಲ; ಯಂತ್ರಗಳು ತಮ್ಮಲ್ಲೇ ಮಾತಾಡಿಕೊಂಡು ನೂರಕ್ಕೆ ಇಳಿದುಬಿಡುತ್ತವೆ. ದೀಪ ಉರಿಯುತ್ತಲೇ ಇರುತ್ತದೆ, ಯಾರಿಗೂ ಸಂಶಯ ಬರುವುದಿಲ್ಲ. 200 ಅಥವಾ 300ರ ಸಂಪರ್ಕವಿದ್ದು, ಹೊಸ ರೂಟರ್ ಬಂದ ದಿನದಿಂದ ಅಂಕಿ 94ರ ಮೇಲೆ ಏಳಲೇ ಒಲ್ಲದೆಂದರೆ, ಕಳ್ಳ ಸಾಮಾನ್ಯವಾಗಿ ಈ ತಂತಿಯೇ. ಇಲ್ಲವೆ ನೂರರ ಬಾಯಿ ಮಾತ್ರವಿರುವ ಅಗ್ಗದ ರೂಟರು. ತಂತಿಯನ್ನು ಬದಲಾಯಿಸಲು ನೂರಿನ್ನೂರು ರೂಪಾಯಿ ಸಾಕು. ರೂಟರ್ ಕೊಳ್ಳುವಾಗ ಕೊಂಬಿನ ಸಂಖ್ಯೆಯನ್ನು ಎಣಿಸುವ ಬದಲು ಅದರ ಹಿಂಬದಿಯ ಬಾಯಿಗಳು ಗಿಗಾಬಿಟ್ಟಿನವೋ ಅಲ್ಲವೋ ಎಂದು ಕೇಳಿದರೆ ಅಂಗಡಿಯವನೂ ಸ್ವಲ್ಪ ಎಚ್ಚರದಿಂದ ಮಾತನಾಡುತ್ತಾನೆ.

ಒಂದು ಮನೆ, ಇಬ್ಬರು ಯಜಮಾನರು

ಕಂಪನಿಯ ಪೆಟ್ಟಿಗೆಯೂ ಬಹುಮಟ್ಟಿಗೆ ಒಂದು ರೂಟರೇ. ಮನೆಯೊಳಗಿನ ಫೋನು ಟೀವಿಗಳಿಗೆ ವಿಳಾಸ ಹಂಚುವುದು, ಹೊರಗಿನವರೊಡನೆ ವ್ಯವಹರಿಸುವುದು, ವೈಫೈ ಬೀರುವುದು, ಎಲ್ಲವನ್ನೂ ಅದೇ ಮಾಡುತ್ತಿರುತ್ತದೆ. ಅದರ ಹಿಂದೆ ಇನ್ನೊಂದು ರೂಟರ್ ಇಟ್ಟಾಗ ಮನೆಗೆ ಇಬ್ಬರು ಯಜಮಾನರಾದಂತಾಯಿತು. ಹೊರಗಿನಿಂದ ಬಂದ ಪತ್ರವನ್ನು ಒಬ್ಬರು ತೆರೆದು, ವಿಳಾಸ ಬದಲಿಸಿ, ಮತ್ತೊಬ್ಬರಿಗೆ ಕೊಡಬೇಕು. ಅವರು ಮತ್ತೆ ತೆರೆದು, ಮತ್ತೆ ವಿಳಾಸ ಬರೆದು, ಸೊಸೆಯ ಕೈಗೆ ಮುಟ್ಟಿಸಬೇಕು. ಇದರಿಂದ ವೇಗ ಬಹಳ ಕುಸಿಯುವುದಿಲ್ಲವೆಂಬುದು ನಿಜ. ಆದರೆ ಕಚೇರಿಯ ಗುಪ್ತ ಸಂಪರ್ಕಗಳು, ಕ್ಯಾಮರಾಗಳು, ಕೆಲವು ಬಗೆಯ ಕರೆಗಳು ಈ ಎರಡು ಬಾಗಿಲಿನ ನಡುವೆ ತಡವರಿಸುತ್ತವೆ. ಮುಂಗಡೆಯ ಟೀವಿ ಒಬ್ಬ ಯಜಮಾನನ ಕೈಕೆಳಗೂ ಹಿಂಗಡೆಯ ಲ್ಯಾಪ್‌ಟಾಪ್ ಮತ್ತೊಬ್ಬನ ಕೈಕೆಳಗೂ ಸೇರಿದರೆ ಒಂದೇ ಸೂರಿನಡಿ ಒಂದಕ್ಕೊಂದರ ಗುರುತೇ ಸಿಗದಂತಾಗುತ್ತದೆ.

ಪರಿಹಾರ ಸುಲಭ. ಈಚಿನ ರೂಟರುಗಳಲ್ಲಿ ‘ಆಕ್ಸೆಸ್ ಪಾಯಿಂಟ್’ ಎಂಬೊಂದು ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಅದನ್ನು ಒತ್ತಿದೊಡನೆ ಹೊಸ ರೂಟರ್ ಯಜಮಾನಿಕೆಯನ್ನು ಬಿಟ್ಟುಕೊಟ್ಟು, ತಂತಿಯಲ್ಲಿ ಬಂದದ್ದನ್ನು ಗಾಳಿಗೆ ಬೀರುವ ಕೆಲಸವನ್ನಷ್ಟೇ ಇಟ್ಟುಕೊಳ್ಳುತ್ತದೆ. ಹೊಸ ಸೊಸೆ ಬಂದ ಮನೆಯಲ್ಲಿ ಅಡಿಗೆಮನೆಯ ಬೀಗದ ಕೈ ಯಾರ ಬಳಿ ಇರಬೇಕೆಂಬ ಪ್ರಶ್ನೆ ಇಷ್ಟು ಸುಲಭವಾಗಿ ಬಗೆಹರಿಯುತ್ತಿರಲಿಲ್ಲ.

ಇದೇ ಸಂದರ್ಭದಲ್ಲಿ ಒಂದು ಎಚ್ಚರಿಕೆ. ಪೆಟ್ಟಿಗೆಯ ಹಿಂದೆ ಸೂಜಿಯಿಂದ ಒತ್ತುವ ಸಣ್ಣ ತೂತೊಂದಿರುತ್ತದೆ. ಏನೂ ತೋಚದಾಗ ಅದನ್ನು ಒತ್ತಿ ಹಿಡಿಯುವ ಅಭ್ಯಾಸ ಹುಡುಗರಿಗುಂಟು. ಕಂಪನಿಯ ಪೆಟ್ಟಿಗೆಯಲ್ಲಿ ಹಾಗೆ ಮಾಡಿದರೆ ಒಳಗೆ ಬರೆದಿಟ್ಟಿದ್ದ ಬಳಕೆದಾರನ ಹೆಸರು, ಗುಪ್ತಪದಗಳೆಲ್ಲ ಅಳಿಸಿಹೋಗಿ, ನಿಧಾನವಾಗಿದ್ದ ಅಂತರಜಾಲ ಇಲ್ಲವೇ ಇಲ್ಲವಾಗಬಹುದು. ಆರಿಸಿ ಒಂದು ನಿಮಿಷ ಬಿಟ್ಟು ಹೊತ್ತಿಸುವುದೇ ಬೇರೆ, ಈ ತೂತಿನ ಕೆಲಸವೇ ಬೇರೆ.

ಗಾಳಿಯ ಕಾಲುವೆ

ಊಹೆಯ ಮನೆಯಲ್ಲಿ ರೂಟರಿನ ತಂತಿಯಲ್ಲೂ 93 ಬಂದಿತು. ಅದೇ ಕೋಣೆಯಲ್ಲಿ, ತಂತಿಯಿಲ್ಲದೆ, 80. ನಡುಮನೆಯಲ್ಲಿ 30. ಹಿಂದಿನ ಕೋಣೆಗೆ ಹೋದಾಗ 4. ಬಾಗಿಲು ಮುಚ್ಚಿದರೆ 2. ಕಾಲುವೆ ಎಲ್ಲಿ ಒಡೆದಿದೆಯೆಂದು ಇನ್ನು ಯಾರನ್ನೂ ಕೇಳಬೇಕಾಗಿಲ್ಲ.

ರೇಡಿಯೋ ಪೆಟ್ಟಿಗೆ ಇಟ್ಟುಕೊಳ್ಳಲೂ ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟುತ್ತಿದ್ದ ಕಾಲವನ್ನು ಹಿರಿಯರು ಮರೆತಿರಲಾರರು. ವೈಫೈ ಕೂಡ ರೇಡಿಯೋ ತರಂಗವೇ, ಆದರೆ 2.4 ಗಿಗಾಹರ್ಟ್ಸಿನ ಪಟ್ಟಿಯನ್ನು ಭಾರತದಲ್ಲಿ 2005ರಲ್ಲಿ ಪರವಾನಗಿಯಿಂದ ಬಿಡುಗಡೆ ಮಾಡಲಾಯಿತು, 5 ಗಿಗಾಹರ್ಟ್ಸಿನ ವಿಸ್ತಾರವಾದ ಪಟ್ಟಿಯನ್ನು 2018ರಲ್ಲಿ. ಮೊದಲನೆಯದರ ತರಂಗ ಸುಮಾರು ಹನ್ನೆರಡು ಸೆಂಟಿಮೀಟರ್ ಉದ್ದ, ಎರಡನೆಯದು ಅದರ ಅರ್ಧಕ್ಕಿಂತ ಕಡಿಮೆ. ಗಿಡ್ಡ ತರಂಗ ಹೆಚ್ಚು ಹೊರೆ ಹೊರಬಲ್ಲದು, ಆದರೆ ಗೋಡೆ ಕಂಡರೆ ಬೇಗ ಸೋಲುತ್ತದೆ. ಉದ್ದನೆಯದು ಕಡಿಮೆ ಹೊತ್ತು ಹೆಚ್ಚು ದೂರ ನಡೆಯುತ್ತದೆ. ಅಡ್ಡವೇನೂ ಇಲ್ಲದ ಬಯಲಿನಲ್ಲಿ ಕೂಡ ದೂರ ಇಮ್ಮಡಿಯಾದರೆ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಗೋಡೆಯ ಪಾಲು ಅದರ ಮೇಲಿನ ದಂಡ.

ಬೆಂಗಳೂರಿನ ಫ್ಲಾಟಿನಲ್ಲಿ ಚೆನ್ನಾಗಿದ್ದ ರೂಟರ್ ತೋಟದ ಮನೆಯಲ್ಲಿ ಸೋತದ್ದೇಕೆಂಬುದು ಇಲ್ಲಿ ತಿಳಿಯುತ್ತದೆ. ಬೆಂಗಳೂರಿನಲ್ಲಿ ಫೋನು ತೆರೆದರೆ ನೆರೆಹೊರೆಯ ಇಪ್ಪತ್ತು ಮೂವತ್ತು ವೈಫೈಗಳ ಹೆಸರು ಸಾಲಾಗಿ ಕಾಣುತ್ತವೆ. ಅಲ್ಲಿಯ ರೋಗ ಜನಸಂದಣಿ. 2.4ರ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂಥ ದಾರಿಗಳಿರುವುದು ಮೂರೇ: 1, 6 ಮತ್ತು 11. ಹಾಗಾಗಿ ಗೋಡೆ ದಾಟಲಾರದ 5 ಗಿಗಾಹರ್ಟ್ಸ್ ಅಲ್ಲಿ ವರವಾಗುತ್ತದೆ; ಪಕ್ಕದ ಮನೆಯವರ ಸದ್ದು ಒಳಗೆ ಬಾರದು, ತನ್ನ ಸದ್ದು ಆಚೆಗೆ ಹೋಗದು. ತೋಟದ ಮನೆಯಲ್ಲಾದರೋ ಸಂದಣಿಯೆಂಬುದೇ ಇಲ್ಲ. ಇಲ್ಲಿಯ ಶತ್ರು ಗೋಡೆ. ಆ ದಪ್ಪದ ಮಣ್ಣುಗೋಡೆಯನ್ನು ಎರಡು ಸಲ ದಾಟಿ, ತಾರಸಿಯ ಕೋಣೆಯ ಕಬ್ಬಿಣ ಕಾಂಕ್ರೀಟನ್ನೂ ದಾಟುವ ಹೊತ್ತಿಗೆ 5 ಗಿಗಾಹರ್ಟ್ಸಿನ ತರಂಗಕ್ಕೆ ಉಸಿರೇ ಉಳಿದಿರುವುದಿಲ್ಲ.

ತರಂಗಕ್ಕೆ ಗೋಡೆಯಂತೆಯೇ ನೀರೂ ಆಗದು. ಮೈಕ್ರೋವೇವ್ ಒಲೆ ಅನ್ನ ಬಿಸಿಮಾಡುವುದು ಇದೇ 2.4 ಗಿಗಾಹರ್ಟ್ಸಿನ ಆಸುಪಾಸಿನ ತರಂಗವನ್ನು ಅನ್ನದೊಳಗಿನ ನೀರು ಹೀರಿಕೊಳ್ಳುವುದರಿಂದ. ತಿಪಟೂರು ಸೀಮೆಯ ಅಟ್ಟದ ಪದ್ಧತಿ ಎಲ್ಲರಿಗೂ ತಿಳಿದದ್ದೇ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟದಲ್ಲಿ ಹಾಕಿದರೆ, ವರ್ಷದ ಹತ್ತಿರ ಹತ್ತಿರಕ್ಕೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗಡಗಡ ಎನ್ನುತ್ತದೆ. ಹೊಸದಾಗಿ ಏರಿಸಿದ ಸಾವಿರಾರು ಕಾಯಿಯ ರಾಶಿಯೆಂದರೆ ತರಂಗದ ದೃಷ್ಟಿಯಲ್ಲಿ ತಲೆಯ ಮೇಲೊಂದು ನೀರಿನ ಗೋಡೆ. ರೂಟರನ್ನು ಎತ್ತರದಲ್ಲಿಡಬೇಕೆಂಬ ಪುಸ್ತಕದ ಬುದ್ಧಿವಾದವನ್ನು ನಂಬಿ ಅದನ್ನು ಅಟ್ಟದ ಮೂಲೆಯಲ್ಲಿ ಕಾಯಿರಾಶಿಯ ಹಿಂದೆ ಇಟ್ಟರೆ ಆಗುವುದೇನೆಂದು ಬೇರೆ ಹೇಳಬೇಕಿಲ್ಲ. ಬಾವಿಯ ನೀರು ತುಂಬಿದ ಪ್ಲಾಸ್ಟಿಕ್ ಟ್ಯಾಂಕ್, ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಟೀವಿಯ ಹಿಂಬದಿ, ಇವೆಲ್ಲವೂ ರೂಟರಿಗೆ ಸಲ್ಲದ ನೆರೆ. ಧೂಳು ಕೂರುತ್ತದೆಂದು ಗೂಡಿನೊಳಗಿಟ್ಟು ಬಾಗಿಲು ಹಾಕುವ ಅಮ್ಮಂದಿರಿಗೆ ಏನು ಹೇಳಿದರೂ ಕಷ್ಟ.

ಇನ್ನು ಎರಡು ಪೆಟ್ಟಿಗೆಗಳನ್ನು ಪಕ್ಕಪಕ್ಕದಲ್ಲಿಟ್ಟದ್ದು. ಎರಡೂ ಒಂದೇ ದಾರಿಯಲ್ಲಿದ್ದರೆ ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಸುಮ್ಮನಿದ್ದು ಸರದಿ ಕಾಯುತ್ತಾರೆ. ಒಂದು 1ನೆಯ ದಾರಿ, ಇನ್ನೊಂದು 3ನೆಯ ದಾರಿ ಎಂಬಂತೆ ಅರೆಬರೆ ತಗಲಿಕೊಂಡಿದ್ದರೆ ಸರದಿಯ ಮರ್ಯಾದೆಯೂ ಉಳಿಯದೆ ಬರೀ ಗದ್ದಲವಾಗುತ್ತದೆ. ಒಂದೇ ಹಜಾರದಲ್ಲಿ ಇಬ್ಬರು ಭಾಗವತರು ಬೇರೆ ಬೇರೆ ಪ್ರಸಂಗ ಹಾಡಿದಂತೆ. ಒಂದನ್ನು 1ಕ್ಕೂ ಇನ್ನೊಂದನ್ನು 11ಕ್ಕೂ ಗೊತ್ತುಮಾಡಬೇಕು. ಅಥವಾ ಕಂಪನಿಯ ಪೆಟ್ಟಿಗೆಯ ವೈಫೈಯನ್ನೇ ಆರಿಸಬೇಕು. ಇದಾವುದನ್ನೂ ಮಾಡದಿದ್ದರೆ ಮತ್ತೊಂದು ಪೇಚು: ಫೋನು ಹಳೆಯ ಪೆಟ್ಟಿಗೆಯ ಕ್ಷೀಣವಾದ ಎಳೆಯನ್ನೇ ಹಿಡಿದುಕೊಂಡು, ಪಕ್ಕದಲ್ಲಿರುವ ಹೊಸದರ ಕಡೆ ತಿರುಗಿಯೂ ನೋಡುವುದಿಲ್ಲ. ಹಳೆಯ ನೆಂಟಸ್ತಿಕೆ ಬಿಡದು.

ಹೀಗಿರುವಾಗ ಅಂಗಡಿಯವರು ಸೂಚಿಸುವುದು ರಿಪೀಟರ್ ಎಂಬ ಗೋಡೆಗೆ ಸಿಕ್ಕಿಸುವ ಗುಬುಟು. ಕೇಳಿದ್ದನ್ನು ಮತ್ತೆ ಗಟ್ಟಿಯಾಗಿ ಕೂಗುವುದು ಅದರ ಕೆಲಸ. ಅಗ್ಗದ ರಿಪೀಟರಿಗೆ ಒಂದೇ ಬಾಯಿ ಕಿವಿ. ಕೇಳುವಾಗ ಕೂಗಲಾರದು, ಕೂಗುವಾಗ ಕೇಳಲಾರದು. ಆದ್ದರಿಂದ ಅದರ ಮೂಲಕ ಬರುವ ವೇಗ ಅರ್ಧಕ್ಕೆ ಇಳಿಯುತ್ತದೆ. ಅದನ್ನು ಸೊಸೆಯ ಕೋಣೆಯಲ್ಲೇ ಸಿಕ್ಕಿಸಿದರೆ ಅದಕ್ಕೆ ಕೇಳಿಸುವುದೂ ಆ ನಾಲ್ಕೇ, ಕೂಗುವುದು ಅದರಲ್ಲಿ ಎರಡು.

ಊಹೆಯ ಮನೆಗೆ ತಕ್ಕ ಉಪಾಯ ಬೇರೆ. ಹೊಸ ರೂಟರಿನಲ್ಲಿ ದೋಷವೇನೂ ಇಲ್ಲ, ಅದು ಕುಳಿತ ಜಾಗ ತಪ್ಪು. ಕಂಪನಿಯ ಪೆಟ್ಟಿಗೆಯಿಂದ ಒಂದು ಒಳ್ಳೆಯ ತಂತಿಯನ್ನು ತೊಲೆಯ ಗುಂಟ, ಇಲಿ ಮುಟ್ಟದಂತೆ ಪೈಪಿನೊಳಗೆ ಹಾಯಿಸಿ, ಹಿಂದಿನ ಕೋಣೆಗೆ ಒಯ್ದು, ಅದರ ತುದಿಗೆ ಹೊಸ ರೂಟರನ್ನು ಆಕ್ಸೆಸ್ ಪಾಯಿಂಟಾಗಿ ಕೂರಿಸಬೇಕು. ಗೋಡೆಗಳನ್ನು ತಂತಿ ದಾಟುತ್ತದೆ. ಗಾಳಿಯಲ್ಲಿ ಹೋಗಬೇಕಾದದ್ದು ಮೇಜಿನವರೆಗಿನ ನಾಲ್ಕು ಮಾರು ಮಾತ್ರ. ಅದೇ 5 ಗಿಗಾಹರ್ಟ್ಸ್ ಈಗ ಅದೇ ಕೋಣೆಯಲ್ಲಿ ಬೆಂಗಳೂರಿನ ಬಿರುಸನ್ನು ತೋರುತ್ತದೆ. ಮುಂಗಡೆಯವರಿಗೆ, ಜಗಲಿಯ ಮೇಲೆ ಫೋನು ಹಿಡಿದು ತಿಪಟೂರು ಮಾರುಕಟ್ಟೆಯ ಕೊಬ್ಬರಿ ದರ ನೋಡುವ ಮಾವನವರಿಗೆ, ಹಳೆಯ ಪೆಟ್ಟಿಗೆಯ 2.4 ಧಾರಾಳ.

ಬಾಯಿಗಳು ಎಷ್ಟು?

ಇಷ್ಟೆಲ್ಲ ಸರಿಯಿದ್ದೂ ಒಂದು ಫೋನಿನಲ್ಲಿ ಮಾತ್ರ ನಿಧಾನವಾದರೆ ಫೋನನ್ನೇ ನೋಡಬೇಕು. 2.4 ಮಾತ್ರ ಬಲ್ಲ ಹಳೆಯ ಫೋನಿಗೆ ಕಾಗದದ ಮೇಲಿನ ಗರಿಷ್ಠ ವೇಗವೇ ಸಾಮಾನ್ಯವಾಗಿ 72. ಕೈಗೆ ಸಿಗುವುದು ಅದರ ಅರ್ಧ ಚಿಲ್ಲರೆ. ರೂಟರಿನಲ್ಲಿ ಟಿಕೆಐಪಿ ಎಂಬ ಹಳೆಯ ಬೀಗವನ್ನು ಆರಿಸಿದ್ದರೆ ಹೊಸ ಫೋನುಗಳೂ 54ಕ್ಕೆ ಇಳಿದುಬಿಡುತ್ತವೆ. ಯಾವುದೋ ಕಾಲದ ಯಂತ್ರವೊಂದಕ್ಕಾಗಿ ಹಾಕಿದ ಆ ಬೀಗವನ್ನು ತೆಗೆದು ಡಬ್ಲ್ಯುಪಿಎ2 ಅಥವಾ 3 ಎಂಬುದನ್ನು ಹಾಕಿದರೆ ಭದ್ರತೆಯೂ ಹೆಚ್ಚು, ವೇಗವೂ ಹೆಚ್ಚು.

ಮೇಲ್ಮುಖದ ಹರಿವನ್ನು ಬಹುಮಂದಿ ಮರೆಯುತ್ತಾರೆ. ಕಾಯಿ ಕಳ್ಳರ ಭಯಕ್ಕೆ ತೋಟದ ಸುತ್ತ ನಾಲ್ಕು ಕ್ಯಾಮರಾ ಹಾಕಿಸಿ, ಅವುಗಳ ಚಿತ್ರವನ್ನು ಹಗಲೂ ರಾತ್ರಿಯೂ ಹೊರಗಿನ ಉಗ್ರಾಣಕ್ಕೆ ಕಳಿಸುವಂತೆ ಬಿಟ್ಟಿದ್ದರೆ, ಅದರ ಜೊತೆಗೆ ಹಬ್ಬಕ್ಕೆ ಬಂದ ಮೊಮ್ಮಕ್ಕಳ ಫೋನುಗಳು ಇನ್ನೂರು ಫೋಟೋಗಳನ್ನು ತಮ್ಮಷ್ಟಕ್ಕೆ ತಾವೇ ಏರಿಸತೊಡಗಿದರೆ, ಹೊರಗೆ ಹೋಗುವ ದಾರಿ ಕಟ್ಟಿಕೊಳ್ಳುತ್ತದೆ. ಸೊಸೆಗೆ ಸಭೆಯವರ ಮಾತು ಕೇಳಿಸುತ್ತದೆ. ಸೊಸೆಯ ಮಾತು ಸಭೆಗೆ ಕೇಳಿಸುವುದಿಲ್ಲ. ವೇಗ ಅಳೆಯುವಾಗ ಇಳಿಯುವ ಅಂಕಿಯ ಪಕ್ಕದಲ್ಲಿ ಏರುವ ಅಂಕಿಯೂ ಇರುತ್ತದೆ, ಅದನ್ನೂ ಬರೆದುಕೊಳ್ಳಬೇಕು. ಕ್ಯಾಮರಾ ಚಿತ್ರಗಳನ್ನು ಮನೆಯೊಳಗಿನ ಪೆಟ್ಟಿಗೆಯಲ್ಲೇ ಕೂಡಿಟ್ಟುಕೊಂಡರೆ ಈ ಹೊರೆ ಇಳಿಯುತ್ತದೆ.

ಗರಿ ಬಿದ್ದ ಮೇಲೆ

ತೂಬಿನಲ್ಲೇ ನೀರಿಲ್ಲದ ಮನೆಗಳ ಮಾತು ಉಳಿಯಿತು. ತೋಟದ ಸೀಮೆಯಲ್ಲಿ ಗಾಜಿನ ಎಳೆ ಬರುವುದು ಬಹುಪಾಲು ಕಂಬದಿಂದ ಕಂಬಕ್ಕೆ, ಕಂಬವಿಲ್ಲದೆಡೆ ಮರದಿಂದ ಮರಕ್ಕೆ. ಒಣಗಿದ ತೆಂಗಿನ ಗರಿಯೊಂದು ಮೇಲಿನಿಂದ ಕಳಚಿ ಬಿದ್ದರೆ ಎಳೆ ತುಂಡಾಗಬಹುದು. ತುಂಡಾದರೆ ಪೆಟ್ಟಿಗೆಯಲ್ಲಿ ಲಾಸ್ ಎಂಬ ಕೆಂಪು ದೀಪ ಉರಿದು ಸಂಗತಿ ಎಲ್ಲರಿಗೂ ಗೊತ್ತಾಗುತ್ತದೆ. ಕಷ್ಟವಿರುವುದು ತುಂಡಾಗದೆ ಬಳುಕಿದಾಗ. ಗಾಜಿನ ಎಳೆ ತೀರ ಬಾಗಿದರೆ ಆ ತಿರುವಿನಲ್ಲಿ ಬೆಳಕು ಹೊರಕ್ಕೆ ಸೋರಿಹೋಗುತ್ತದೆ. ದೀಪ ಹಸಿರಾಗಿಯೇ ಇದ್ದು ಸಂಪರ್ಕ ಮಾತ್ರ ಬಂದು ಹೋಗಿ ಮಾಡುತ್ತದೆ. ಮನೆಯೊಳಗೂ ಹೀಗೆಯೇ: ಉಳಿದ ಎಳೆಯನ್ನು ಹಗ್ಗದಂತೆ ಬಿಗಿಯಾಗಿ ಸುತ್ತಿ ಮೊಳೆಗೆ ನೇತುಹಾಕಿದರೆ, ಹೊಸ ರೂಟರಿಗೆ ಜಾಗ ಮಾಡಲು ಪೆಟ್ಟಿಗೆಯನ್ನು ಗೋಡೆಗೆ ಒತ್ತಿದರೆ, ಬೆಳಕು ಕುಂದುತ್ತದೆ. ರೂಟರ್ ತಂದ ದಿನವೇ ನಿಧಾನವಾಯಿತೆಂಬ ದೂರಿನ ಹಿಂದೆ ಈ ಒತ್ತಿದ ಎಳೆಯೂ ಇರಬಹುದು.

ಬೆಳಕಿನ ಬಲವನ್ನು ಅಳೆಯುವ ಮಾನ ಡಿಬಿಎಂ. ಅಂಕಿ ಋಣಾತ್ಮಕವಾಗಿರುತ್ತದೆ, ಮೈನಸ್ 20ರ ಆಸುಪಾಸು ಆರೋಗ್ಯ, ಮೈನಸ್ 27ಕ್ಕೆ ಇಳಿದರೆ ಪೆಟ್ಟಿಗೆಗೆ ಕಣ್ಣು ಕಾಣದಾಗುತ್ತದೆ. ದುರಸ್ತಿಗೆ ಬಂದವರನ್ನು ಈ ಅಂಕಿ ಎಷ್ಟೆಂದು ಕೇಳಿ, ಬೆಳಿಗ್ಗೆ ರಾತ್ರಿಗಳ ತಂತಿಯ ಅಳತೆಯ ಚೀಟಿಯನ್ನು ಮುಂದಿಟ್ಟರೆ, ನಿಮ್ಮ ರೂಟರೇ ಸರಿಯಿಲ್ಲವೆಂದು ಹೇಳಿ ಸೈಕಲ್ ಮೋಟಾರು ಹತ್ತುವುದು ಅವರಿಗೆ ಸುಲಭವಾಗುವುದಿಲ್ಲ.

ಕೆಲವರಿಗೆ ಪಂಪ್‌ಸೆಟ್ಟಿನ ಮನೆಗೂ ಕಾವಲಿನ ಶೆಡ್ಡಿಗೂ ಅಂತರಜಾಲ ಬೇಕು. ತಾಮ್ರದ ಜಾಲತಂತಿಯ ಮಿತಿ ನೂರು ಮೀಟರು. ಮೂವತ್ತು ಅಡಿಗೊಂದು ತೆಂಗಿನ ಮರವೆಂದರೆ ಹನ್ನೊಂದನೆಯ ಮರದ ಹೊತ್ತಿಗೆ ಅದು ಮುಗಿಯಿತು. ಆದರೆ ಹತ್ತು ಮರದೊಳಗಿನ ದೂರಕ್ಕೂ ಬಯಲಿನಲ್ಲಿ ತಾಮ್ರವನ್ನು ಎಳೆಯದಿರುವುದೇ ಮೇಲು. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಬಡಿದು ಸುಳಿ ಸುಟ್ಟ ತೆಂಗಿನ ಮರವನ್ನು ಕಾಣದ ತೋಟದವರಿಲ್ಲ. ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದರೂ ಆ ತಾಮ್ರದಲ್ಲಿ ಹರಿದು ಬಂದ ವಿದ್ಯುತ್ತು ಎರಡೂ ತುದಿಯ ಯಂತ್ರಗಳನ್ನು ಸುಡಬಲ್ಲದು. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ. ಹೊರಗಿನ ದೂರಕ್ಕೆ ಗಾಜಿನ ಎಳೆಯೇ ತಕ್ಕದ್ದು, ಅದರ ಜೊತೆಗೆ ಆಧಾರಕ್ಕಾಗಿ ಬರುವ ಉಕ್ಕಿನ ತಂತಿ ಮಾತ್ರ ಯಂತ್ರವನ್ನು ಮುಟ್ಟದಂತೆ ಗೋಡೆಯ ಹೊರಗೇ ನಿಲ್ಲಬೇಕು. ಗಾಜಿನ ಎಳೆ ಬಂದಿರುವ ಮನೆಯಲ್ಲೂ ಸಿಡಿಲು ಪೆಟ್ಟಿಗೆಗೆ ಬರುವುದು ಕರೆಂಟಿನ ಪ್ಲಗ್ಗಿನಿಂದ. ಗುಡ್ಡದ ಮೇಲೆ ಮೋಡ ಕಪ್ಪಿಟ್ಟಾಗಲೇ, ಮೊದಲ ಗುಡುಗು ಕೇಳುವ ಮುನ್ನ, ಸಭೆ ನಡೆಯುತ್ತಿದ್ದರೂ ಸರಿ, ಎರಡು ಪೆಟ್ಟಿಗೆಗಳ ಪ್ಲಗ್ಗನ್ನೂ ಕಿತ್ತು ಲ್ಯಾಪ್‌ಟಾಪಿನ ತಂತಿಯನ್ನು ಬಿಡಿಸಿಡಬೇಕು. ಮಳೆ ನಿಂತ ಮೇಲೆ ಮೊದಲು ಕಂಪನಿಯ ಪೆಟ್ಟಿಗೆಯನ್ನು ಹೊತ್ತಿಸಿ, ಅದರ ಹಸಿರು ದೀಪ ನೆಲೆನಿಂತ ಮೇಲೆ ಹೊಸ ರೂಟರನ್ನು ಹೊತ್ತಿಸುವುದು ಕ್ರಮ.